ದೀರ್ಘ ಕಳೆದುಕೊಂಡ ಕಥೆ

‘ಸಿ ಎ ಟಿ ಕ್ಯಾಟ್’ ಎಂದು ಮಗು ಅಕ್ಷರ ಬಿಡಿಸಿ ಹೇಳಿದರೆ ಅದು ಸ್ಪೆಲ್ಲಿಂಗ್. ಇಂಗ್ಲಿಷ್ ಕಥೆಯ ಮಾಟಗಾತಿ ಗೊಣಗುವ ಮಂತ್ರ ಸ್ಪೆಲ್. ಎರಡರ ಬೇರೂ ಒಂದೇ. ಆ ಬೇರಿನಲ್ಲಿ ಮಂತ್ರವೂ ಇರಲಿಲ್ಲ, ಕಾಗುಣಿತವೂ ಇರಲಿಲ್ಲ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ‘ಸ್ಪೆಲ್’ ಎಂದರೆ ಕಥೆ, ಮಾತು, ಸುದ್ದಿ.

ಆ ಹಳೆಯ ಇಂಗ್ಲಿಷಿನ ‘ಬೇವುಲ್ಫ್’ ಕಾವ್ಯದಲ್ಲಿ ರಾಕ್ಷಸ ಗ್ರೆಂಡೆಲ್ ಸೋತ ಮರುದಿನ ಬೆಳಿಗ್ಗೆ ಯೋಧರು ಕುದುರೆಯೇರಿ ಮರಳುತ್ತಾರೆ. ಹಳೆಯ ಕಥೆಗಳನ್ನೆಲ್ಲ ನೆನಪಿನಲ್ಲಿ ಇಟ್ಟುಕೊಂಡ ಒಬ್ಬ, ಹಿಂದಿನ ರಾತ್ರಿಯ ಸಾಹಸವನ್ನು ದಾರಿಯಲ್ಲೇ ಪದಕ್ಕೆ ಪದ ಹೆಣೆದು ಹೇಳುತ್ತಾನೆ. ಅವನು ಕಟ್ಟಿದ್ದನ್ನು ಕವಿ ಸ್ಪೆಲ್ ಎಂದೇ ಕರೆಯುತ್ತಾನೆ. ಆಗ ಮಂತ್ರಕ್ಕೆ ಬೇರೆಯೇ ಪದವಿತ್ತು. ಸ್ಪೆಲ್‌ಗೆ ಆ ಅರ್ಥ ಗಟ್ಟಿಯಾಗಿ ಅಂಟಿಕೊಂಡದ್ದು 16ನೆಯ ಶತಮಾನದ ಹೊತ್ತಿಗೆ. ಕಾಗುಣಿತದ ಸ್ಪೆಲ್ ಇನ್ನೂ ದೂರ ಸುತ್ತಿದೆ: ಇಂಗ್ಲಿಷಿನ ಬಳಗದ್ದೇ ಆದ ಜರ್ಮ್ಯಾನಿಕ್ ನುಡಿಯೊಂದರಿಂದ ಹಳೆಯ ಫ್ರೆಂಚಿಗೆ ಹೋಗಿ, ಅಲ್ಲಿಂದ ಇಂಗ್ಲಿಷಿಗೆ ಬಂದದ್ದು. ಬೌಲರ್ ಹಾಕುವ ಸ್ಪೆಲ್ ಮಾತ್ರ ಈ ಮನೆಯದಲ್ಲ. ಒಬ್ಬರ ಬದಲಿಗೆ ಇನ್ನೊಬ್ಬರು ನಿಲ್ಲುವುದು ಎಂಬ ಅರ್ಥದ ಬೇರೊಂದು ಹಳೆಯ ಕ್ರಿಯಾಪದದಿಂದ ಅದು ಬಂದಿದೆ.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ‘ಗಾಸ್ಪೆಲ್’. ಕ್ರಿಸ್ತನ ಸಂದೇಶಕ್ಕೆ ಗ್ರೀಕಿನಲ್ಲಿದ್ದ ಪದದ ಅರ್ಥ ಒಳ್ಳೆಯ ಸುದ್ದಿ. ಇಂಗ್ಲಿಷರು ಅದನ್ನು ‘ಗೋಡ್‌ಸ್ಪೆಲ್’ ಎಂದು ತಂದುಕೊಂಡರು. ಗೋಡ್ ಎಂದರೆ ಒಳ್ಳೆಯದು. ಕನ್ನಡ ಬೈಬಲಿನ ‘ಸುವಾರ್ತೆ’ಯೂ ಇದೇ ಅಚ್ಚಿನ ಪದ. ಆದರೆ ದೇವರಿಗೆ ಇಂಗ್ಲಿಷರು ಹೇಳುತ್ತಿದ್ದುದು ‘ಗೊಡ್’, ಹ್ರಸ್ವ. ನಮ್ಮ ಲಿಪಿಯಲ್ಲಿ ‘ಗೊ’, ‘ಗೋ’ ಬೇರೆ ಬೇರೆ ಕಾಣುತ್ತವೆ; ಆ ವ್ಯತ್ಯಾಸವನ್ನು ನಾವು ಒಂದನೆಯ ತರಗತಿಯಲ್ಲೇ ತಿದ್ದಿ ಕಲಿಯುತ್ತೇವೆ. ಅವರ ಬರಹದಲ್ಲಿ ಎರಡಕ್ಕೂ ಸಾಮಾನ್ಯವಾಗಿ ಒಂದೇ ಅಕ್ಷರ. ಮಾತಿನಲ್ಲೂ, ಹಿಂದೆಯೇ ಬರುವ ವ್ಯಂಜನಗಳ ಒತ್ತಡಕ್ಕೆ ದೀರ್ಘ ಕುಗ್ಗಿತು. ಓದುವವರಿಗೆ ‘ಗೊಡ್’ ಎಂದೇ ಕಂಡಿತು, ಕೇಳುವವರಿಗೆ ಹಾಗೆಯೇ ಕೇಳಿಸಿತು. ಒಳ್ಳೆಯ ಸುದ್ದಿ ಎಂಬ ಪದ ದೇವರ ಕಥೆ ಎಂಬ ಪದವಾಯಿತು.

ಈ ಪಲ್ಲಟಕ್ಕೆ ಸಾಕ್ಷಿ ಇಂಗ್ಲೆಂಡಿನ ಹೊರಗೂ ಸಿಗುತ್ತದೆ. ಇಂಗ್ಲಿಷ್ ಪಾದ್ರಿಗಳ ಜೊತೆ ಪದ ಕಡಲು ದಾಟಿತು. ಐಸ್‌ಲ್ಯಾಂಡಿನ ನುಡಿಯಲ್ಲಿ ‘ಒಳ್ಳೆಯದು’ ಮತ್ತು ‘ದೇವರು’ ಎಂಬುದಕ್ಕೆ ಸ್ಪಷ್ಟವಾಗಿ ಬೇರೆ ಸ್ವರಗಳಿವೆ, ಅಲ್ಲಿ ಗೊಂದಲಕ್ಕೆ ಎಡೆಯಿಲ್ಲ. ಹಾಗಿದ್ದರೂ ಇಂದಿಗೂ ಅಲ್ಲಿನವರು ಸುವಾರ್ತೆಗೆ ಬಳಸುವ ಪದದ ಮೊದಲ ಅರ್ಧದಲ್ಲಿ ಇರುವುದು ದೇವರು.