ಸಣ್ಣ ನಾಳದಲ್ಲೇ ಉಸಿರಿಗೆ ಜಾಸ್ತಿ ಅಡ್ಡಿ ಅಂತ ಯಾರು ಹೇಳಿದ್ದು?

ಪ್ರಶ್ನೆ: ಶ್ವಾಸನಾಳ ಕವಲೊಡೆದು ಒಳಗೆ ಹೋದಷ್ಟೂ ಸಣ್ಣದಾಗುತ್ತದೆ. ಹಾಗಾದರೆ ಗಾಳಿಗೆ ಅತಿ ಹೆಚ್ಚು ಅಡ್ಡಿ ಆಗೋದು ಕೊನೆಯ ಸಣ್ಣ ನಾಳಗಳಲ್ಲೇ ಅಲ್ವಾ? ನಮ್ಮ ಟೊಮೆಟೊ ತೋಟದ ಡ್ರಿಪ್‌ನಲ್ಲೂ ಅಷ್ಟೇ, ತುದಿಗೆ ಬರುವಷ್ಟರಲ್ಲಿ ಪ್ರೆಶರ್ ಸತ್ತಿರುತ್ತೆ. (ಮಾಲೂರಿನ ಓದುಗರೊಬ್ಬರು)

ಉತ್ತರ: ಬಂತಪ್ಪಾ ಮತ್ತೆ! ಹೋದ ಸಲ ಮುಳಬಾಗಿಲಿನಿಂದ ಬಂದಿತ್ತು, ಅದಕ್ಕೂ ಮುಂಚೆ ಚಿಂತಾಮಣಿಯಿಂದ. ನೀಟ್‌ಗೆ ಓದುವ ಮಕ್ಕಳಂತೂ ಕೈಯಲ್ಲಿ ಸೂತ್ರ ಹಿಡಿದೇ ಜಗಳಕ್ಕೆ ಬರುತ್ತಾರೆ. ಫ್ರಾನ್ಸಿನ ವೈದ್ಯ ಪ್ವಾಸೆಯ್ 1840ರ ದಶಕದಲ್ಲಿ ಪ್ರಕಟಿಸಿದ ಸೂತ್ರ ಅದು. ನಾಳದ ವ್ಯಾಸ ಅರ್ಧವಾದರೆ ಅಡ್ಡಿ 16 ಪಟ್ಟು ಏರುತ್ತದೆ. ‘ಇನ್ನೇನು ಸರ್, ಆಯ್ತಲ್ಲ!’ ಅಂತಾರೆ.

ಆಗಿಲ್ಲ. ಸೂತ್ರ ಸರಿಯಾಗಿಯೇ ಇದೆ. ನೀವು ನೋಡುತ್ತಿರೋದು ಮಾತ್ರ ಒಂದೇ ಒಂದು ನಾಳವನ್ನು.

ಪೆನ್ನು ತಗೊಳ್ಳಿ. ಸ್ವಿಸ್ ವಿಜ್ಞಾನಿ ಎವಾಲ್ಡ್ ವೈಬೆಲ್ 1963ರಲ್ಲಿ ಕೊಟ್ಟ ಅಳತೆಗಳ ಪ್ರಕಾರ ಶ್ವಾಸನಾಳ ಸುಮಾರು 23 ಸಲ ಕವಲೊಡೆಯುತ್ತದೆ. 16ನೇ ಕವಲಿನ ಹೊತ್ತಿಗೆ ನಾಳಗಳು 65,536. ನಂಬಿಕೆ ಇಲ್ಲದಿದ್ದರೆ 1ನ್ನು 16 ಸಲ ಇಮ್ಮಡಿ ಮಾಡಿ ನೋಡಿ. ಅಲ್ಲಿ ಒಂದು ನಾಳದ ವ್ಯಾಸ 0.6 ಮಿ.ಮೀ., ಉದ್ದ 1.65 ಮಿ.ಮೀ. ಮೇಲಿನ ಶ್ವಾಸನಾಳದ ವ್ಯಾಸ 18 ಮಿ.ಮೀ., ಉದ್ದ 120 ಮಿ.ಮೀ.

ವ್ಯಾಸ 30 ಪಟ್ಟು ಕಿರಿದು. ವ್ಯಾಸ ಅರ್ಧವಾದಾಗ 16 ಬಂದದ್ದು 2ನ್ನು ನಾಲ್ಕು ಸಲ ಬರೆದು ಗುಣಿಸಿದ್ದರಿಂದ. ಹಾಗೆಯೇ 30ನ್ನು ನಾಲ್ಕು ಸಲ ಬರೆದು ಗುಣಿಸಿದರೆ 8,10,000. ಗಾಬರಿಯಾಗಬೇಡಿ, ನಾಳ ಗಿಡ್ಡವಾದಷ್ಟೂ ಅಡ್ಡಿ ಕಡಿಮೆ, ಇಲ್ಲಿ ಉದ್ದವೂ ಸುಮಾರು 73 ಪಟ್ಟು ಕಡಿಮೆ ಇದೆ. ಭಾಗಿಸಿದರೆ 11,100. ಅಂದರೆ ಒಂದು ಸಣ್ಣ ನಾಳದಲ್ಲಿ ಶ್ವಾಸನಾಳದ 11 ಸಾವಿರ ಪಟ್ಟು ಅಡ್ಡಿ! ಎಲ್ಲರೂ ಇಲ್ಲಿಗೇ ಪೆನ್ನು ಕೆಳಗಿಟ್ಟು ಗೆದ್ದೆವು ಅಂತಾರೆ. ಇನ್ನೊಂದು ಸಾಲು ಬಾಕಿ ಇದೆ ಸ್ವಾಮಿ. ಗಾಳಿ ಹೋಗುವುದು ಅಕ್ಕಪಕ್ಕದ 65,536 ನಾಳಗಳಲ್ಲಿ, ಒಟ್ಟಿಗೇ. ಅದರಿಂದಲೂ ಭಾಗಿಸಿ. 0.17 ಬರುತ್ತದೆ. ಅಷ್ಟೂ ನಾಳಗಳು ಸೇರಿ ಒಡ್ಡುವ ಅಡ್ಡಿ ಶ್ವಾಸನಾಳದ ಆರನೇ ಒಂದು ಪಾಲು. ಶ್ವಾಸನಾಳದಲ್ಲಿ ಗಾಳಿ ಸುಳಿ ಸುತ್ತುವುದೂ ಉಂಟು. ಹಾಗಾಗಿ ಅಲ್ಲಿನ ನಿಜವಾದ ಅಡ್ಡಿ ಸೂತ್ರ ಹೇಳುವುದಕ್ಕಿಂತಲೂ ಜಾಸ್ತಿ.

ಇನ್ನು ಡ್ರಿಪ್ ವಿಷಯ. ಡ್ರಿಪ್ಪರ್ ಮಾಡಿರೋದೇ ಪ್ರೆಶರ್ ಕೊಲ್ಲೋದಕ್ಕೆ. ಹನಿ ಹನಿಯಾಗಿ ಬೀಳಲಿ ಅಂತ ಅದರೊಳಗೆ ಅಂಕುಡೊಂಕು ದಾರಿ ಇಟ್ಟಿರುತ್ತಾರೆ, ಒಂದನ್ನು ಸೀಳಿ ನೋಡಿ. ಶ್ವಾಸಕೋಶದ ತುದಿಯಲ್ಲಿ ಅಂಥ ಏರ್ಪಾಡು ಇಲ್ಲ.

ಹಾಗಾದರೆ ಅಡ್ಡಿ ಎಲ್ಲಿ? ಮೂಗಿನಲ್ಲಿ ಉಸಿರಾಡುವಾಗ ಸುಮಾರು ಅರ್ಧ ಅಡ್ಡಿ ಮೂಗಿನದ್ದೇ. ಎದೆಯೊಳಗೆ ನೋಡಿದರೆ, ಮೊದಲ ಕೆಲವು ಕವಲುಗಳ ಮಧ್ಯಮ ಗಾತ್ರದ ನಾಳಗಳಲ್ಲಿ. 1967ರಲ್ಲಿ ಮ್ಯಾಕ್ಲೆಮ್ ಮತ್ತು ಮೀಡ್ ಎಂಬ ಸಂಶೋಧಕರು ಅಳೆದು ತೋರಿಸಿದ್ದೂ ಇದನ್ನೇ. ಎರಡು ಮಿ.ಮೀ.ಗಿಂತ ಸಣ್ಣ ನಾಳಗಳ ಪಾಲು ಶೇ. 10ರಿಂದ 20, ಅಷ್ಟೇ.

ವೇಗಕ್ಕೂ ಇದೇ ಲೆಕ್ಕ. ಸೆಕೆಂಡಿಗೆ ಅರ್ಧ ಲೀಟರ್ ಗಾಳಿ ಎಳೆದುಕೊಂಡರೆ ಶ್ವಾಸನಾಳದಲ್ಲಿ ಅದರ ವೇಗ ಸೆಕೆಂಡಿಗೆ ಎರಡು ಮೀಟರ್. 16ನೇ ಕವಲಿನಲ್ಲಿ ಮೂರು ಸೆಂಟಿಮೀಟರೂ ಇಲ್ಲ. ಅಲ್ಲಿಂದಾಚೆ ಗಾಳಿ ಹೆಚ್ಚುಕಮ್ಮಿ ನಿಂತೇ ಬಿಡುತ್ತದೆ. ಆಕ್ಸಿಜನ್ ಉಳಿದ ದಾರಿಯನ್ನು ತಾನಾಗಿಯೇ ಹರಡಿಕೊಂಡು ದಾಟುತ್ತದೆ.

ಯಾರೂ ಕೇಳಿಲ್ಲ, ಆದರೂ ಕೋಲಾರದಲ್ಲಿ ಕೂತು ಇಷ್ಟು ಬರೆದ ಮೇಲೆ ಧೂಳಿನ ವಿಷಯ ಬಿಡೋಕಾಗಲ್ಲ. ದಪ್ಪ ಧೂಳು ಮೇಲೆಯೇ ಸಿಕ್ಕಿಬೀಳುತ್ತದೆ. ಗಾಳಿ ಜೋರಾಗಿ ತಿರುಗುವ ಕಡೆ ಅದಕ್ಕೆ ತಿರುಗಲಾಗದೆ ಮೂಗಿನ, ಗಂಟಲಿನ ಗೋಡೆಗೆ ಬಡಿದು ಅಂಟುತ್ತದೆ, ಕಫದಲ್ಲಿ ಹೊರಗೆ ಬರುತ್ತದೆ. ಐದು ಮೈಕ್ರಾನ್‌ಗಿಂತ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಸಣ್ಣ ಕಣ ಗಾಳಿಯ ಜೊತೆಗೇ ತಿರುಗಿಕೊಂಡು ಒಳಗಿಳಿಯುತ್ತದೆ. ಗಾಳಿ ನಿಧಾನವಾದ ಕಡೆ ಅದಕ್ಕೆ ಕೆಳಗೆ ಕೂರಲು ಬೇಕಾದಷ್ಟು ಸಮಯ. ಹೀಗೆ ಒಳಗಿಳಿದ ಕಲ್ಲಿನ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆಯೇ ಸಿಲಿಕೋಸಿಸ್. ಭಾರತದಲ್ಲಿ ಅದು ಮೊದಲು ವರದಿಯಾದದ್ದು 1934ರಲ್ಲಿ, ನಮ್ಮ ಕೆಜಿಎಫ್ ಗಣಿಗಳಿಂದಲೇ.

ಇನ್ನೊಂದು ತೊಂದರೆ ಇದೆ. ಒಟ್ಟು ಅಡ್ಡಿಯಲ್ಲಿ ಸಣ್ಣ ನಾಳಗಳ ಪಾಲು ಇಷ್ಟು ಕಡಿಮೆ ಇರೋದರಿಂದ, ಅವುಗಳಲ್ಲಿ ಎಷ್ಟೋ ಹಾಳಾದರೂ ಊದಿಸಿ ನೋಡುವ ಪರೀಕ್ಷೆ ಮೊದಮೊದಲು ನಾರ್ಮಲ್ ಅಂತಲೇ ಬರಬಹುದು. ಡಾಕ್ಟರುಗಳು ಈ ಜಾಗಕ್ಕೆ ಸೈಲೆಂಟ್ ಝೋನ್ ಅನ್ನುತ್ತಾರೆ.

ಕಲ್ಲು ಪುಡಿ ಮಾಡುವ ಕ್ರಷರ್‌ನಲ್ಲಿ ಕೆಲಸ ಮಾಡುವವರು ಮುಖಕ್ಕೆ ಟವೆಲ್ ಸುತ್ತಿಕೊಂಡಿರುವುದನ್ನು ನೋಡಿರುತ್ತೀರಿ. ಟವೆಲಿನ ನೂಲುಗಳ ನಡುವಿನ ಸಂದು ಈ ಕಣಗಳಿಗಿಂತ ಎಷ್ಟೋ ದೊಡ್ಡದು. ಅದು ತಡೆಯುವುದು ಮೂಗು ಹೇಗಿದ್ದರೂ ತಡೆಯುತ್ತಿದ್ದ ದಪ್ಪ ಧೂಳನ್ನು. ಮುಖಕ್ಕೆ ಸರಿಯಾಗಿ ಕೂರುವ ಎನ್95 ಬೇಕು, ಕಲ್ಲು ಕೊರೆಯುವಾಗ ನೀರು ಬಿಡುತ್ತಲೇ ಇರಬೇಕು.