ರೋಜರ್ಸ್ ಉಪ್ಪುನೀರು: ಕಲ್ಕತ್ತಾದ ಕಾಲರಾ ಚಿಕಿತ್ಸೆ

ಕಾಲರಾ ರೋಗಾಣುವನ್ನು ಜರ್ಮನಿಯ ವಿಜ್ಞಾನಿ ರಾಬರ್ಟ್ ಕಾಕ್ 1884ರಲ್ಲಿ ಕಲ್ಕತ್ತಾದಲ್ಲೇ ಖಚಿತಪಡಿಸಿದ್ದರು. ರಕ್ತನಾಳಕ್ಕೆ ಉಪ್ಪುನೀರು ಕೊಡುವುದಂತೂ 1832ರಷ್ಟು ಹಳೆಯದು, ಸ್ಕಾಟ್ಲೆಂಡಿನ ಥಾಮಸ್ ಲಟ್ಟಾ ಅವರದ್ದು. ಆದರೂ 1900ರ ಸುಮಾರಿಗೆ ಕಲ್ಕತ್ತಾದ ಆಸ್ಪತ್ರೆ ಸೇರಿದ ರೋಗಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಸಾಯುತ್ತಿದ್ದರು. ಮೆಡಿಕಲ್ ಕಾಲೇಜಿನ ಪೆಥಾಲಜಿ ಪ್ರೊಫೆಸರ್ ಲಿಯೊನಾರ್ಡ್ ರೋಜರ್ಸ್ ಇದನ್ನು ಸುಮಾರು 30%ಕ್ಕೆ ಇಳಿಸಿದರು.

ಹೇಗೆ? ಮೊದಲು ಅಳತೆ. ಗ್ಲಿಸರಿನ್ ಮತ್ತು ನೀರು ಬೆರೆಸಿದ ಪುಟ್ಟ ಬಾಟಲಿಗಳ ಸಾಲು, ಒಂದೊಂದರ ಸಾಂದ್ರತೆ ಬೇರೆ. ರೋಗಿಯ ಒಂದು ಹನಿ ರಕ್ತ ಬಿಡಬೇಕು. ಮುಳುಗಿದರೆ ರಕ್ತ ಆ ದ್ರವಕ್ಕಿಂತ ಭಾರ, ತೇಲಿದರೆ ಹಗುರ. ಯಾವುದರಲ್ಲಿ ಹನಿ ನಡುವೆ ನಿಲ್ಲುತ್ತದೋ ಅದೇ ಉತ್ತರ. ನೀರಿನ ಸಾಂದ್ರತೆ 1 ಎಂದುಕೊಂಡರೆ, ಆರೋಗ್ಯವಂತರ ರಕ್ತದ್ದು 1.056ರ ಆಸುಪಾಸು. 1.060 ದಾಟಿ ಮೇಲೆ ಹೋದಷ್ಟೂ ಜಾಸ್ತಿ ದ್ರವ ಕೊಡಬೇಕು. ಎಷ್ಟು ಚಂದದ ಪರೀಕ್ಷೆ! ಲ್ಯಾಬ್ ಬೇಡ, ಹಾಸಿಗೆ ಪಕ್ಕದಲ್ಲೇ ಆಗುತ್ತದೆ.

ಈಗ ತಲೆ ಕೆಡಿಸುವ ಹೆಜ್ಜೆ. ರೋಜರ್ಸ್ ದ್ರಾವಣದಲ್ಲಿ ಒಂದು ಪೈಂಟ್ ನೀರಿಗೆ 120 ಗ್ರೇನ್ ಉಪ್ಪು. ಅಂದರೆ 568 ಮಿಲಿಗೆ ಸುಮಾರು 7.8 ಗ್ರಾಂ, ಹೆಚ್ಚುಕಡಿಮೆ 1.4%. ಆಸ್ಪತ್ರೆಯ ಮಾಮೂಲಿ ಡ್ರಿಪ್, ಅಂದರೆ ನಾರ್ಮಲ್ ಸಲೈನ್, 0.9% ಮಾತ್ರ. ರಕ್ತ ಆಗಲೇ ಗಟ್ಟಿಯಾಗಿದೆ, ಮೇಲೆ ಇನ್ನೂ ಉಪ್ಪೇ? ಸಾರು ಬತ್ತಿದರೆ ಉಪ್ಪಾಗುತ್ತದೆ, ಅಲ್ವಾ? ಇಲ್ಲಿ ಹಾಗಾಗುವುದಿಲ್ಲ. ಸಾರಿನಿಂದ ಬರೀ ನೀರು ಆವಿಯಾಗುತ್ತದೆ. ಕಾಲರಾ ಭೇದಿಯಲ್ಲಿ ನೀರಿನ ಜೊತೆಗೇ ಉಪ್ಪೂ ಹೋಗುತ್ತದೆ. ಒಳಗೆ ಉಳಿಯುವುದು ಪ್ರೋಟೀನ್ ಮತ್ತು ರಕ್ತಕಣಗಳು. ಭಾರ ಹೆಚ್ಚುವುದು ಅವುಗಳಿಂದ, ಉಪ್ಪಿನಿಂದಲ್ಲ. ಹಾಗಾಗಿ ಬಾಟಲಿ ಪರೀಕ್ಷೆ ತೋರಿಸುವುದು ಎಷ್ಟು ದ್ರವ ಹೋಗಿದೆ ಎಂಬುದನ್ನು. ಉಪ್ಪು ಜಾಸ್ತಿ ಹಾಕಿದ್ದು, ಕೊಟ್ಟ ನೀರು ಮತ್ತೆ ಕರುಳಿಗೆ ಸೋರಿಹೋಗದೆ ರಕ್ತದಲ್ಲೇ ನಿಲ್ಲಲಿ ಎಂದು. ಆಮೇಲೆ ತಿಳಿದದ್ದೇನೆಂದರೆ, ರಕ್ತದಷ್ಟೇ ಉಪ್ಪಿನ ದ್ರಾವಣ ಸಾಕು, ಹೋದಷ್ಟನ್ನೂ ತುಂಬುತ್ತಾ ಇರಬೇಕು ಅಷ್ಟೇ.

ಬಾಯಿಗೆ ಪೊಟ್ಯಾಶಿಯಂ ಪರ್ಮಾಂಗನೇಟ್ ಮಾತ್ರೆಯನ್ನೂ ಕೊಡುತ್ತಿದ್ದರು, ಕರುಳಿನ ವಿಷ ಸುಡಲಿ ಎಂದು. ಆ ಪದ್ಧತಿ ಉಳಿಯಲಿಲ್ಲ.

ಬೈಕಾರ್ಬನೇಟ್ (ಆಮ್ಲವನ್ನು ತಗ್ಗಿಸುವ ಕ್ಷಾರ) ಮರೆಯಬೇಡಿ. ಚೇತರಿಸಿಕೊಂಡಂತೆ ಕಂಡವರೂ ಮೂತ್ರ ನಿಂತು ಸಾಯುತ್ತಿದ್ದರು. ಭೇದಿಯಲ್ಲಿ ಕ್ಷಾರವೂ ಹೋಗಿ ರಕ್ತ ಆಮ್ಲದ ಕಡೆ ವಾಲುತ್ತದೆ. ಅದಕ್ಕೇ ರೋಜರ್ಸ್ ಆಮೇಲೆ ಸೋಡಿಯಂ ಬೈಕಾರ್ಬನೇಟ್ ಸೇರಿಸಿದರು, ಸಾವು ಇನ್ನೂ ಇಳಿಯಿತು. ಇಂದಿನ ಡ್ರಿಪ್ ದ್ರಾವಣ ರಿಂಗರ್ ಲ್ಯಾಕ್ಟೇಟ್‌ನಲ್ಲಿರುವ ಲ್ಯಾಕ್ಟೇಟ್ ಮಾಡುವುದೂ ಇದೇ ಕೆಲಸ: ಲಿವರ್ ಅದನ್ನು ಬೈಕಾರ್ಬನೇಟ್ ಆಗಿ ಬದಲಿಸುತ್ತದೆ.