ನಕ್ಷೆ ಬರೆಯುವವರೊಬ್ಬರು, ಬಿಲ್ಲು ಕಟ್ಟುವವರೊಬ್ಬರು

ಪಶ್ಚಿಮಕ್ಕೆ ಮುಖ ಮಾಡಿದ ಒಂದು ಕೋಣೆ. ಗೋಡೆಯ ತುಂಬ ಗಾಜು. ಬೇಸಿಗೆಯ ಇಳಿಹೊತ್ತಿನಲ್ಲಿ ಬಿಸಿಲು ಓರೆಯಾಗಿ ಒಳಗೆ ನುಗ್ಗುತ್ತದೆ. ಕಿಟಕಿಯ ಮೇಲಿನ ಸಜ್ಜಾ ನಡುಮಧ್ಯಾಹ್ನದ ಬಿಸಿಲನ್ನು ತಡೆದೀತು, ತಗ್ಗಿಗೆ ಇಳಿದ ಸೂರ್ಯನನ್ನು ತಡೆಯಲಾರದು. ಗಾಜನ್ನು ಸಲೀಸಾಗಿ ದಾಟಿ ಬಂದ ಬೆಳಕು ನೆಲವನ್ನೂ ಮೇಜನ್ನೂ ಕಾಯಿಸುತ್ತದೆ. ಕಾದ ನೆಲ ಹೊರಸೂಸುವ ಶಾಖಕ್ಕೆ ಅದೇ ಗಾಜು ದಾರಿ ಬಿಡುವುದಿಲ್ಲ. ಆ ಬಿಸಿಯನ್ನು ಹೊರಹಾಕಲು ರಾತ್ರಿಯವರೆಗೂ ಎ.ಸಿ. ಓಡುತ್ತದೆ. ನಕ್ಷೆ ಇನ್ನೂ ಕಾಗದದಲ್ಲಿದ್ದಾಗ ಕಿಟಕಿಯನ್ನು ಕಿರಿದು ಮಾಡಿದ್ದರೆ, ಅದರ ಹೊರಗೆ ಎರಡು ನಿಲುವು ಹಲಗೆಗಳನ್ನು ತೋರಿಸಿದ್ದರೆ ಸಾಕಿತ್ತು. ಕಟ್ಟಿ ಮುಗಿಸಿದ ಮೇಲೆ ಆ ಕಟ್ಟಡ ನಿಂತಿರುವಷ್ಟು ಕಾಲವೂ ದಂಡ ತೆರಬೇಕು.

ಹಾಗಾದರೆ ಆ ಒಂದು ಗೆರೆಯನ್ನು ಯಾರೂ ಏಕೆ ತಿದ್ದಲಿಲ್ಲ? ಕಟ್ಟಿಸಿದವರು ಮಾರಿ ಹೋಗುತ್ತಾರೆ. ಮಾಲೀಕರು ಬಾಡಿಗೆಗೆ ಕೊಡುತ್ತಾರೆ. ಕರೆಂಟ್ ಬಿಲ್ಲು ಬರುವುದು ಬಾಡಿಗೆದಾರರ ಹೆಸರಿಗೆ, ಗೋಡೆ ಮುಟ್ಟುವ ಅಧಿಕಾರವಿಲ್ಲದವರ ಹೆಸರಿಗೆ. ಉಳಿತಾಯದ ಲಾಭ ಒಬ್ಬರದು, ಖರ್ಚು ಇನ್ನೊಬ್ಬರದು ಎಂಬ ಈ ಗಂಟನ್ನು ಮಾರುಕಟ್ಟೆ ತಾನಾಗಿ ಬಿಚ್ಚುವುದಿಲ್ಲ. ಕಾಯ್ದೆ ಬೇಕಾಗುವುದು ಇಲ್ಲಿಯೇ. ಇಂಗ್ಲೆಂಡಿನಲ್ಲಿ ಮನೆಗಳ ಶಕ್ತಿ ದಕ್ಷತೆಗೆ ಎ ಯಿಂದ ಜಿ ವರೆಗೆ ದರ್ಜೆ ಕೊಡುತ್ತಾರೆ. 2018ರಿಂದ ಅಲ್ಲಿ ಇ ದರ್ಜೆಗಿಂತ ಕೆಳಗಿನ ಮನೆಯನ್ನು, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಹೊಸದಾಗಿ ಬಾಡಿಗೆಗೆ ಕೊಡುವಂತಿಲ್ಲ. ನೇರವಾಗಿ ಆ ಗಂಟಿಗೇ ಕೈ ಹಾಕಿದ್ದರಿಂದ ಈ ನಿಯಮ ನನಗೆ ಬಹಳ ಮುಖ್ಯವೆನಿಸುತ್ತದೆ.

ಇಂತಹ ನಿಯಮಗಳಿಗೆ ಚುರುಕು ಮುಟ್ಟಿಸಿದ್ದು 1973ರ ತೈಲ ಬಿಕ್ಕಟ್ಟು. ಆ ದಶಕದಲ್ಲೇ ಸ್ವೀಡನ್ ಗೋಡೆ, ಚಾವಣಿಗಳ ಶಾಖನಿರೋಧಕ್ಕೆ ಬಿಗಿಯಾದ ಮಿತಿ ಹಾಕಿತು. ಕ್ಯಾಲಿಫೋರ್ನಿಯಾ 1978ರಲ್ಲಿ ತಂದ ಸಂಹಿತೆಯನ್ನು, ಅಂದರೆ ಕಟ್ಟಡಗಳ ಶಕ್ತಿ ಬಳಕೆಯ ನಿಯಮಾವಳಿಯನ್ನು, ಸುಮಾರು ಮೂರು ವರ್ಷಕ್ಕೊಮ್ಮೆ ಪರಿಷ್ಕರಿಸುತ್ತ ಬಂದಿದೆ. ಭಾರತದಲ್ಲಿ ವಾಣಿಜ್ಯ ಕಟ್ಟಡಗಳಿಗೆ 2007ರಲ್ಲಿ, ವಸತಿ ಕಟ್ಟಡಗಳಿಗೆ 2018ರಲ್ಲಿ ಸಂಹಿತೆ ಬಂತು.

ಆದರೆ ಅಳೆದು ನೋಡದ ನಿಯಮ ಕಡತದಲ್ಲೇ ಉಳಿಯುತ್ತದೆ. ಚಳಿದೇಶಗಳಲ್ಲಿ ಅಳೆಯುವ ಒಂದು ವಿಧಾನ ನೋಡಲು ಬಲು ಸರಳ. ಮನೆಯ ಎಲ್ಲ ಕಿಟಕಿಗಳನ್ನು ಮುಚ್ಚಿ, ಮುಂಬಾಗಿಲ ಚೌಕಟ್ಟಿಗೆ ಬಟ್ಟೆಯ ಪರದೆ ಬಿಗಿದು, ಅದರಲ್ಲಿ ದೊಡ್ಡ ಫ್ಯಾನ್ ಕೂರಿಸುತ್ತಾರೆ. ಫ್ಯಾನ್ ಒಳಗಿನ ಗಾಳಿಯನ್ನು ಎಳೆದೆಳೆದು ಹೊರಹಾಕುತ್ತ ಒಳಗಿನ ಒತ್ತಡವನ್ನು ಹೊರಗಿಗಿಂತ 50 ಪ್ಯಾಸ್ಕಲ್‌ನಷ್ಟು ಇಳಿಸುತ್ತದೆ. ಐದು ಮಿಲಿಮೀಟರ್ ಎತ್ತರದ ನೀರು ಒತ್ತುವಷ್ಟು, ಅಷ್ಟೇ. ಈಗ ಹೊಗೆ ಬಿಡುವ ಸಣ್ಣ ಕಡ್ಡಿಯೊಂದನ್ನು ಕಿಟಕಿಯ ಚೌಕಟ್ಟಿನ ಮೂಲೆಗೆ ಹಿಡಿದರೆ, ನೆಟ್ಟಗೆ ಏಳುತ್ತಿದ್ದ ಹೊಗೆಯ ಎಳೆ ಥಟ್ಟನೆ ಒಳಕ್ಕೆ ಬಾಗುತ್ತದೆ. ಅಲ್ಲೊಂದು ಬಿರುಕಿದೆ! ಸ್ವಿಚ್ ಪೆಟ್ಟಿಗೆಯ ಹಿಂದೆ ಇನ್ನೊಂದು, ಪೈಪು ಗೋಡೆ ತೂರುವ ಕಡೆ ಮತ್ತೊಂದು. ಬೆಚ್ಚಗಿನ ಗಾಳಿ ವರ್ಷಗಟ್ಟಲೆ ಸೋರಿಹೋಗಬಹುದಾಗಿದ್ದ ದಾರಿಗಳು ಒಂದು ಗಂಟೆಯಲ್ಲಿ ಬಯಲಾಗುತ್ತವೆ. ಫ್ರಾನ್ಸ್ ತನ್ನ 2012ರ ನಿಯಮದಲ್ಲಿ ಹೊಸ ಮನೆಗಳಿಗೆ ಈ ಪರೀಕ್ಷೆಯನ್ನು ಕಡ್ಡಾಯ ಮಾಡಿತು. ಹೀಗೆ ಬಿರುಕು ಮುಚ್ಚಿದ ಮನೆಗೆ ತಾಜಾ ಗಾಳಿಯ ಪ್ರತ್ಯೇಕ ಏರ್ಪಾಡು ಬೇಕೇ ಬೇಕು; ಅದನ್ನು ಮರೆತ ನಿಯಮ ಅರ್ಧ ನಿಯಮ.

ಇಷ್ಟೆಲ್ಲ ಮಾಡಿದರೂ ನಿನ್ನೆ ಮೊನ್ನೆಯವರೆಗೆ ಸಂಹಿತೆಗಳ ಕಣ್ಣಿಗೆ ಬೀಳದ ಒಂದು ಲೆಕ್ಕವಿತ್ತು. ಸಿಮೆಂಟ್ ಮಾಡಲು ಸುಣ್ಣದ ಕಲ್ಲನ್ನು ಸುಮಾರು 1,450 ಡಿಗ್ರಿಗೆ ಕಾಯಿಸುತ್ತಾರೆ. ಕಲ್ಲು ಒಡೆದು ಸುಣ್ಣವಾಗುವಾಗ ಅದರೊಳಗಿದ್ದ ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ. ಸಿಮೆಂಟ್ ತಯಾರಿಕೆಯ ಹೊರಸೂಸುವಿಕೆಯಲ್ಲಿ ಅರ್ಧಕ್ಕಿಂತ ಹೆಚ್ಚು ಈ ಕಲ್ಲಿನದೇ ಆದ್ದರಿಂದ, ಕುಲುಮೆಯ ಇಂಧನ ಬದಲಿಸಿದರೂ ಅದು ತಪ್ಪುವುದಿಲ್ಲ. ಮೊದಲ ದೀಪ ಹೊತ್ತುವ ಮುನ್ನವೇ ಕಟ್ಟಡದ ತಲೆಯ ಮೇಲೆ ದೊಡ್ಡ ಸಾಲ ಕೂತಿರುತ್ತದೆ. ಡೆನ್ಮಾರ್ಕ್ 2023ರಿಂದ ಈ ಸಾಲವನ್ನೂ ಲೆಕ್ಕಕ್ಕೆ ತಂದಿತು. 1,000 ಚದರ ಮೀಟರ್‌ಗಿಂತ ದೊಡ್ಡ ಹೊಸ ಕಟ್ಟಡದ ಸಾಮಗ್ರಿ ಮತ್ತು ಶಕ್ತಿ ಬಳಕೆ ಎರಡನ್ನೂ ಕೂಡಿಸಿ 50 ವರ್ಷಕ್ಕೆ ಹಂಚಿದಾಗ, ಚದರ ಮೀಟರಿಗೆ ವರ್ಷಕ್ಕೆ 12 ಕಿಲೋಗ್ರಾಂ ಕಾರ್ಬನ್ ಡೈಆಕ್ಸೈಡ್ ಮೀರಬಾರದೆಂದು ಆಗ ಮಿತಿ ಇಟ್ಟಿತು. ಚಪ್ಪಡಿ ಎಷ್ಟು ದಪ್ಪ ಬೇಕು, ಈ ತೊಲೆ ಮರದ್ದಾದರೆ ಸಾಲದೇ ಎಂಬ ಪ್ರಶ್ನೆಗಳಿಗೆ ಎಂಜಿನಿಯರ್ ಈಗ ನಕ್ಷೆಯ ಹಂತದಲ್ಲೇ ಉತ್ತರ ಕೊಡಬೇಕು.

ಹೊಸ ಕಟ್ಟಡದ ನಕ್ಷೆಯನ್ನು ತಡೆದು ನಿಲ್ಲಿಸಬಹುದು, ಈಗಾಗಲೇ ನಿಂತಿರುವ ಕಟ್ಟಡಗಳದೇ ಕಷ್ಟ. ನ್ಯೂಯಾರ್ಕ್ ನಗರ 2019ರ ಕಾಯ್ದೆಯಲ್ಲಿ 25,000 ಚದರ ಅಡಿಗಿಂತ ದೊಡ್ಡ ಕಟ್ಟಡಗಳಲ್ಲಿ ಹೆಚ್ಚಿನವಕ್ಕೆ ಹೊರಸೂಸುವಿಕೆಯ ಮಿತಿ ಹಾಕಿ, 2024ರಿಂದ ಜಾರಿಗೆ ತಂದಿದೆ. ಮೀರಿದರೆ ಟನ್ನಿಗೆ 268 ಡಾಲರ್ ದಂಡ. 2030ರಿಂದ ಆ ಮಿತಿ ಇನ್ನಷ್ಟು ಬಿಗಿಯಾಗುತ್ತದೆ. ಕಟ್ಟಡವನ್ನು ಬೆಚ್ಚಗಿಡಲು ನೀರು ಕಾಯಿಸುವ ಬಾಯ್ಲರ್ ಒಂದು ಸಲ ಕೂತರೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಬಾಳುತ್ತದೆ. ಹಾಗಾಗಿ ನೆಲಮಾಳಿಗೆಯ ಹಳೆಯ ಬಾಯ್ಲರ್ ಕೆಟ್ಟುನಿಂತ ದಿನ, ಅದರ ಜಾಗಕ್ಕೆ ಮತ್ತೊಂದು ಅನಿಲದ ಬಾಯ್ಲರನ್ನೇ ತರಬೇಕೇ ಅಥವಾ ಹೊರಗಿನ ಶಾಖವನ್ನು ಒಳಕ್ಕೆ ಎಳೆದು ತರುವ ವಿದ್ಯುತ್ತಿನ ಹೀಟ್ ಪಂಪ್ ಕೂರಿಸಬೇಕೇ ಎಂದು ಯೋಚಿಸುವ ಮಾಲೀಕರು ದಂಡದ ಮೊತ್ತವನ್ನೂ ಕೂಡಿಸಿಯೇ ಲೆಕ್ಕ ಹಾಕಬೇಕು.